ಹಲ್ಲಿಗೆ ಒಲಿದ ಗಾಜು

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಇವೆರಡರ ನಡುವೆ ಮೂರನೆಯ ಅವಸ್ಥೆಯೊಂದು ಉಂಟೆಂಬುದನ್ನು ಗಾದೆ ಮಾಡಿದ ಹಿರಿಯರು ಮರೆತರೊ ಏನೊ! ಹಲ್ಲೂ ಇದೆ, ಕಡಲೆಯೂ ಇದೆ. ಆದರೆ ಅಗಿಯಹೋದರೆ ಹಲ್ಲು ಜುಮ್ಮೆನ್ನುತ್ತದೆ. ತಣ್ಣೀರು ಕುಡಿದರೆ ನೋವು, ಬಿಸಿ ಕಾಫಿ ಕುಡಿದರೆ ನೋವು, ಹುಳಿ ಮಾವಿನಕಾಯಿಯನ್ನು ನೆನೆದರೇ ನೋವು. ನಲವತ್ತು ದಾಟಿದ ಮೇಲೆ ಈ ಅವಸ್ಥೆ ನನಗೂ ಪ್ರಾಪ್ತವಾಯಿತು.

ದಂತವೈದ್ಯರು ಪರೀಕ್ಷಿಸಿ, ಹಲ್ಲು ಕೀಳುವ ಅಗತ್ಯವಿಲ್ಲವೆಂದು ಅಭಯವಿತ್ತು, ಒಂದು ಪೇಸ್ಟಿನ ಹೆಸರು ಬರೆದುಕೊಟ್ಟರು. ಮುದ್ರಿತವಾದುದೆಲ್ಲವನ್ನೂ ಓದುವುದು ಕನ್ನಡ ಮೇಷ್ಟರ ಚಪಲ. ಪೇಸ್ಟಿನ ಕೊಳವೆಯ ಮೇಲಿನ ಸಣ್ಣಕ್ಷರಗಳಲ್ಲಿ ‘ಕ್ಯಾಲ್ಸಿಯಂ ಸೋಡಿಯಂ ಫಾಸ್ಫೊಸಿಲಿಕೇಟ್’ ಎಂಬ, ಸಮಾಸಪ್ರಿಯನಾದ ನನಗೂ ಬಿಡಿಸಲಾಗದ ಪದವೊಂದು ಕಂಡಿತು. ಮರುದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಗೆಳೆಯರನ್ನು ಕೇಳಿದೆ.

“ಅದೊ? ಅದು ಗಾಜು ಮೇಷ್ಟ್ರೆ” ಎಂದರು ಅವರು, ಏನೂ ವಿಶೇಷವಿಲ್ಲವೆಂಬಂತೆ.

“ಗಾಜು ಎಂದರೆ? ಕಿಟಕಿಯ ಗಾಜೆ?”

“ಅದರ ದಾಯಾದಿ ಎನ್ನಿ. ನುಣ್ಣಗೆ ಅರೆದ ಗಾಜು. ನೀವು ದಿನಾ ಬೆಳಗ್ಗೆ ಅದರಲ್ಲೇ ಹಲ್ಲುಜ್ಜುತ್ತಿದ್ದೀರಿ.”

ಗಾಜಿನ ಪುಡಿಯನ್ನು ಬಾಯಿಗೆ ಹಾಕಿಕೊಳ್ಳುವುದೆಂದರೆ ಯಾರಿಗಾದರೂ ಎದೆ ಝಲ್ಲೆನ್ನದಿರದು. ಆ ಭಯವೆ ಕುತೂಹಲವಾಗಿ, ಈ ಗಾಜು ಹಲ್ಲಿಗೆ ಬಂದ ದಾರಿಯನ್ನು ಹುಡುಕುವಂತೆ ಮಾಡಿತು. ಹುಡುಕುತ್ತ ಹೋದರೆ ಅದು ದಂತವೈದ್ಯನ ಕುರ್ಚಿಯಿಂದ ಹೊರಟುದಲ್ಲ, ಯುದ್ಧಭೂಮಿಯಿಂದ ಹೊರಟುದು. ಆ ಚರಿತ್ರೆಯನ್ನು ಓದುಗರೊಡನೆ ಹಂಚಿಕೊಳ್ಳುವುದೆ ಈ ಲೇಖನದ ಉದ್ದೇಶ.

ಹಲ್ಲಿನ ಚಿಕಿತ್ಸೆ ಹೊಸ ವಿದ್ಯೆಯೇನೂ ಅಲ್ಲ. ಇಂದು ಪಾಕಿಸ್ತಾನಕ್ಕೆ ಸೇರಿರುವ ಬಲೂಚಿಸ್ತಾನದ ಮೆಹರ್‌ಗಢದಲ್ಲಿ ದೊರೆತ ಅಸ್ಥಿಗಳಲ್ಲಿ, ಒಂಬತ್ತು ಮಂದಿಯ ಹನ್ನೊಂದು ದವಡೆ ಹಲ್ಲುಗಳಿಗೆ ನಾಜೂಕಾಗಿ ರಂಧ್ರ ಕೊರೆದಿರುವುದು ಕಂಡುಬಂದಿದೆ. ಕಾಲ 7,500ರಿಂದ 9,000 ವರ್ಷಗಳ ಹಿಂದೆ. ಉಪಕರಣ ಚಕಮಕಿ ಕಲ್ಲಿನ ಬೈರಿಗೆ. 2006ರಲ್ಲಿ ಈ ಸಂಗತಿ ಪ್ರಕಟವಾದಾಗ ವಿದ್ವಾಂಸರೆ ಬೆರಗಾದರು. ಯೂರೋಪಿನ ಸ್ಲೊವೀನಿಯದಲ್ಲಿ ಸಿಕ್ಕಿದ 6,500 ವರ್ಷಗಳಷ್ಟು ಹಳೆಯ ದವಡೆಯೊಂದರಲ್ಲಿ, ಬಿರುಕುಬಿಟ್ಟ ಕೋರೆಹಲ್ಲಿನ ಮೇಲೆ ಜೇನುಮೇಣ ಮೆತ್ತಿದೆ. ಆ ಮನುಷ್ಯ ಬದುಕಿರುವಾಗಲೆ ಅದನ್ನು ಮೆತ್ತಿದ್ದಾದರೆ, ನೋವಿಗೆ ಬೆಂದ ಬಡಪಾಯಿಯೊಬ್ಬನಿಗೆ ಇನ್ನೊಬ್ಬ ಮಾಡಿದ ಉಪಕಾರದ ಅತಿ ಹಳೆಯ ಗುರುತುಗಳಲ್ಲಿ ಅದೂ ಒಂದು.

ಮೇಣದ ತರುವಾಯ ಲೋಹಗಳು ಬಂದುವು. ಚಿನ್ನದ ರೇಕು, ತವರ, ಸೀಸ ಎಲ್ಲವನ್ನೂ ಮನುಷ್ಯ ಹುಳುಕು ಹಲ್ಲಿಗೆ ತುಂಬಿ ನೋಡಿದ. 1833ರಲ್ಲಿ ಕ್ರಾಕೂರ್ ಎಂಬ ಸೋದರರು ಪಾದರಸ ಬೆರೆತ ಬೆಳ್ಳಿಯ ಮುದ್ದೆಯನ್ನು ಅಮೆರಿಕಕ್ಕೆ ಒಯ್ದರು. ಅದು ಅಗ್ಗ, ಮೆತ್ತುವುದು ಸುಲಭ; ಆದರೆ ಪಾದರಸ ವಿಷವಲ್ಲವೆ? ಅಲ್ಲಿನ ದಂತವೈದ್ಯರಲ್ಲಿ ಮಹಾಕಲಹವೆ ಎದ್ದಿತು. 1840ರಲ್ಲಿ ಸ್ಥಾಪಿತವಾದ ಅವರ ಸಂಘವು ಈ ಮುದ್ದೆಯನ್ನು ಬಳಸುವುದಿಲ್ಲವೆಂದು 1845ರಲ್ಲಿ ಸದಸ್ಯರಿಂದ ಪ್ರತಿಜ್ಞೆ ಬರೆಸಿಕೊಂಡಿತು. ಪ್ರತಿಜ್ಞೆಯ ಭಾರಕ್ಕೆ ಸಂಘವೆ ಕುಸಿದು 1856ರಲ್ಲಿ ಮುಚ್ಚಿಹೋಯಿತು. ಮುದ್ದೆ ಮಾತ್ರ ನೂರೈವತ್ತು ವರ್ಷಕ್ಕೂ ಮೀರಿ ಬಾಳಿತು.

ಮೇಣವಾಗಲಿ ಚಿನ್ನವಾಗಲಿ ಪಾದರಸವಾಗಲಿ, ಇವೆಲ್ಲದರ ಹಿಂದಿದ್ದ ಭಾವನೆ ಒಂದೆ. ಹಲ್ಲಿನಲ್ಲಿ ಹಳ್ಳವಿದೆ, ಅದನ್ನು ತುಂಬಬೇಕು. ತುಂಬಿದ ವಸ್ತು ಸವೆಯಬಾರದು, ಕರಗಬಾರದು, ದೇಹದೊಡನೆ ಯಾವ ಗೊಡವೆಗೂ ಹೋಗದೆ ಸುಮ್ಮನೆ ಬಿದ್ದಿರಬೇಕು. ಒಳ್ಳೆಯ ವಸ್ತುವೆಂದರೆ ಮೌನಿಯಾದ ವಸ್ತು. ಮನೆಗೆ ಬಂದ ಅತಿಥಿ ಮೂಲೆಯಲ್ಲಿ ಕುಳಿತು ಯಾರನ್ನೂ ಮಾತನಾಡಿಸದಿದ್ದರೆ ಅವನೆ ಸಜ್ಜನ ಎಂದಂತಾಯಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಎಲುಬಿನ ವೈದ್ಯರ ನಂಬಿಕೆಯೂ ಬಹುಮಟ್ಟಿಗೆ ಇದೇ ಆಗಿತ್ತು.

ಇಲ್ಲಿ ಹಲ್ಲಿನ ರಚನೆಯ ಬಗೆಗೆ ಎರಡು ಮಾತು ಹೇಳದೆ ಮುಂದುವರಿಯಲಾಗದು. ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ಪದಾರ್ಥ. ತೂಕದಲ್ಲಿ ನೂರಕ್ಕೆ 96ರಷ್ಟು ಅದು ಖನಿಜವೆ. ಸುಣ್ಣದ ಧಾತುವಾದ ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಆದ ಆ ಖನಿಜಕ್ಕೆ ಹೈಡ್ರಾಕ್ಸಿ ಅಪಟೈಟ್ ಎಂದು ಹೆಸರು. ಎಲುಬಿನ ಖನಿಜವೂ ಅದೇ ಕುಲದ್ದು. ಆದರೆ ಎಲುಬಿಗೂ ಎನಾಮೆಲಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಎಲುಬಿನಲ್ಲಿ ಜೀವಕೋಶಗಳಿವೆ, ಮುರಿದರೆ ಕೂಡಿಕೊಳ್ಳುತ್ತದೆ. ಎನಾಮೆಲನ್ನು ಕಟ್ಟಿದ ಜೀವಕೋಶಗಳಾದರೊ ಹಲ್ಲು ವಸಡನ್ನು ಸೀಳಿಕೊಂಡು ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಕೋಟೆ ಕಟ್ಟಿದ ಒಡ್ಡರು ಊರು ಬಿಟ್ಟುಹೋದಂತೆ! ಬಿದ್ದ ಗೋಡೆಯನ್ನು ಮತ್ತೆ ಎತ್ತುವವರಿಲ್ಲ.

ಕವಚದ ಒಳಗಿರುವುದು ಡೆಂಟಿನ್. ಅದರೊಳಗೆ ರಕ್ತವೂ ನರವೂ ಕೂಡಿದ ಮೆತ್ತನೆಯ ತಿರುಳು. ಡೆಂಟಿನ್ನಿನ ಉದ್ದಕ್ಕೂ ಅತಿಸೂಕ್ಷ್ಮವಾದ ನಾಳಗಳಿವೆ. ಒಂದು ಚದರ ಮಿಲಿಮೀಟರಿನಷ್ಟು ಜಾಗದಲ್ಲಿ ಇಂಥ ನಾಳಗಳು ಹತ್ತಾರು ಸಾವಿರ! ಎನಾಮೆಲ್ ಸವೆದೊ, ವಸಡು ಜರಿದೊ ಇವುಗಳ ಬಾಯಿ ತೆರೆದುಕೊಂಡಿತೆಂದರೆ, ತಣ್ಣೀರೊ ಗಾಳಿಯೊ ಸೋಕಿದಾಗ ನಾಳದೊಳಗಿನ ದ್ರವ ಸರಕ್ಕನೆ ಚಲಿಸುತ್ತದೆ. ಆ ಚಲನೆ ಒಳಗಿನ ನರವನ್ನು ಕೆಣಕುತ್ತದೆ. ಜುಮ್ಮೆನ್ನುವುದು ಇದರಿಂದಲೇ. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಗೀಸಿ 1900ರಷ್ಟು ಹಿಂದೆಯೇ ಇದನ್ನು ಊಹಿಸಿದ್ದ. 1960ರ ದಶಕದಲ್ಲಿ ಸ್ವೀಡನ್ನಿನ ಬ್ರಾನ್‌ಸ್ಟ್ರಾಮ್ ಪ್ರಯೋಗಗಳಿಂದ ಅದನ್ನು ನೆಲೆಗೊಳಿಸಿದ. ರೋಗದ ಕಾರಣವೇನೊ ತಿಳಿಯಿತು. ಕೂದಲಿಗಿಂತ ಎಷ್ಟೊ ಪಾಲು ಸಣ್ಣದಾದ ಸಾವಿರಾರು ಬಾಯಿಗಳನ್ನು ಮುಚ್ಚುವುದು ಯಾವುದರಿಂದ? ಮುಚ್ಚಿದ್ದು ನಿಲ್ಲುವುದು ಹೇಗೆ? ಆ ಪ್ರಶ್ನೆಗೆ ಉತ್ತರ ಹಲ್ಲಿನ ಶಾಸ್ತ್ರದೊಳಗೆ ಇರಲಿಲ್ಲ. ಅದು ಬಂದದ್ದು ಒಂದು ಬಸ್ಸಿನಿಂದ.

1967ನೆಯ ಇಸವಿ. ವಿಯೆಟ್ನಾಂ ಯುದ್ಧ ಉಗ್ರವಾಗಿದ್ದ ಕಾಲ. ಅಮೆರಿಕದ ಸೈನ್ಯದವರು ನ್ಯೂಯಾರ್ಕ್ ಪ್ರಾಂತದ ಸಾಗಮೋರಿನಲ್ಲಿ ಪದಾರ್ಥ ವಿಜ್ಞಾನಿಗಳ ಸಮ್ಮೇಳನವೊಂದನ್ನು ಏರ್ಪಡಿಸಿದ್ದರು. ಅಲ್ಲಿಗೆ ಹೊರಟಿದ್ದ ಬಸ್ಸಿನಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಎಂಬ, ಇನ್ನೂ ಮೂವತ್ತು ತುಂಬದ ಅಧ್ಯಾಪಕ ಕುಳಿತಿದ್ದ. ಅವನ ವಿಷಯ ಪಿಂಗಾಣಿ ಮತ್ತು ಗಾಜು. ಅವನ ಸಂಶೋಧನೆ ವಿಕಿರಣದ ಹೊಡೆತಕ್ಕೆ ಕೆಡದ ಗಾಜನ್ನು ಕುರಿತದ್ದು. ಪಕ್ಕದಲ್ಲಿ ಕುಳಿತವನು ಕ್ಲಿಂಕರ್ ಎಂಬ ಕರ್ನಲ್. ಯುದ್ಧಭೂಮಿಯ ಆಸ್ಪತ್ರೆಗಳಿಗೆ ಸಾಮಗ್ರಿ ಒದಗಿಸುವ ಹೊಣೆ ಹೊತ್ತು ವಿಯೆಟ್ನಾಮಿನಲ್ಲಿದ್ದು ಆಗತಾನೆ ಹಿಂದಿರುಗಿದ್ದವನು.

ದಾರಿ ಸಾಗಬೇಕಲ್ಲ; ಹೆಂಚ್ ತನ್ನ ಗಾಜಿನ ಗುಣಗಳನ್ನು ಬಣ್ಣಿಸಿದ. ಕರ್ನಲ್ ಎಲ್ಲವನ್ನೂ ಕೇಳಿ ಒಂದು ಪ್ರಶ್ನೆ ಹಾಕಿದ. ವಿಕಿರಣವನ್ನು ತಾಳುವ ವಸ್ತುವನ್ನು ಮಾಡಬಲ್ಲಿರಾದರೆ, ಮನುಷ್ಯನ ದೇಹದೊಳಗೆ ತಾಳಬಲ್ಲ ವಸ್ತುವೊಂದನ್ನು ಏಕೆ ಮಾಡಬಾರದು? ತಾನು ಕಂಡುಬಂದ ಸಂಕಟವನ್ನು ಅವನು ತೋಡಿಕೊಂಡ. ಗಾಯಾಳುಗಳ ಪ್ರಾಣವನ್ನು ಶಸ್ತ್ರವೈದ್ಯರು ಉಳಿಸಬಲ್ಲರು. ಆದರೆ ನುಚ್ಚುನೂರಾದ ಎಲುಬಿನ ಜಾಗದಲ್ಲಿ ಇರಿಸಿದ ಲೋಹವನ್ನೂ ಪ್ಲಾಸ್ಟಿಕ್ಕನ್ನೂ ದೇಹ ಒಪ್ಪುವುದಿಲ್ಲ. ಕಡೆಗೆ ಕೈಯನ್ನೊ ಕಾಲನ್ನೊ ಕತ್ತರಿಸದೆ ಬೇರೆ ದಾರಿಯಿಲ್ಲ. ಆ ಕಾಲುಗಳು ಇಪ್ಪತ್ತು ವರ್ಷದ ಹುಡುಗರ ಕಾಲುಗಳು.

ಪ್ರಯಾಣ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ಊರಿಗೆ ಹಿಂದಿರುಗಿದ ಹೆಂಚ್ ಯೋಚಿಸಿದ. ದೇಹ ಹೊರಗಿನ ವಸ್ತುವಿನ ಸುತ್ತ ಗಾಯದ ಪೊರೆ ಬೆಳೆಸಿ ಅದನ್ನು ದೂರವಿಡುವುದೇಕೆ? ಆ ವಸ್ತು ತನ್ನ ಜಾತಿಯದಲ್ಲ ಎಂಬುದರಿಂದ. ನಮ್ಮ ಒಡಲು ಉಕ್ಕಿನಿಂದಾದುದಲ್ಲ, ಪ್ಲಾಸ್ಟಿಕ್ಕಿನಿಂದಾದುದಲ್ಲ. ಎಲುಬಿನಲ್ಲಿರುವುದು ಹೈಡ್ರಾಕ್ಸಿ ಅಪಟೈಟ್. ಒಳಗಿಟ್ಟ ವಸ್ತು ತನ್ನ ಮೈಮೇಲೆ ಅದೇ ಖನಿಜದ ಪದರವೊಂದನ್ನು ತಾನಾಗಿಯೆ ಬೆಳೆಸಿಕೊಳ್ಳುವಂತಿದ್ದರೆ? ಆಗ ಎಲುಬು ಅದನ್ನು ಪರಕೀಯವೆಂದು ಬಗೆಯದೆ ಇರಬಹುದಲ್ಲವೆ?

ಇದು ಚಿಕ್ಕ ಮಾತಲ್ಲ. ಅದುವರೆಗೆ ಎಲ್ಲರೂ ಹುಡುಕುತ್ತಿದ್ದುದು ಕರಗದ ವಸ್ತುವನ್ನು. ಹೆಂಚನಿಗೆ ಬೇಕಾದುದು ಕರಗುವ ವಸ್ತು. ತನ್ನಲ್ಲಿರುವುದನ್ನು ಬಿಟ್ಟುಕೊಟ್ಟು ಬಂಧುತ್ವ ಬೆಳೆಸುವ ವಸ್ತು. ಗಾಜಿನ ವೃತ್ತಿಯವರು ಯಾವುದನ್ನು ಕಳಪೆ ಗಾಜಿನ ದೋಷವೆನ್ನುವರೊ ಅದನ್ನೆ ಅವನು ಗುಣವೆಂದು ಎಣಿಸಿದ. ಕಿಟಕಿಯ ಗಾಜಿನಲ್ಲಿ ಮರಳಿನ ಸಾರವಾದ ಸಿಲಿಕ ನೂರಕ್ಕೆ 70ಕ್ಕೂ ಮಿಗಿಲು. ಆದುದರಿಂದಲೇ ಅದು ಮಳೆಗೂ ಬಿಸಿಲಿಗೂ ಅಲುಗದೆ ನಿಲ್ಲುತ್ತದೆ. ಹೆಂಚ್ ಅದನ್ನು 45ಕ್ಕೆ ಇಳಿಸಿದ. ಉಳಿದ ಪಾಲಿನಲ್ಲಿ ಸೋಡಿಯಂ ಆಕ್ಸೈಡ್ 24.5, ಕ್ಯಾಲ್ಸಿಯಂ ಆಕ್ಸೈಡ್ 24.5, ರಂಜಕದ ಆಕ್ಸೈಡ್ 6. ಮರಳು, ಸೋಡ, ಸುಣ್ಣ, ರಂಜಕ ಇವಿಷ್ಟೆ ಸಾಮಗ್ರಿ. 1968ರಲ್ಲಿ ಸೈನ್ಯದ ವೈದ್ಯಕೀಯ ಸಂಶೋಧನಾ ಶಾಖೆಯಿಂದ ಹಣ ದೊರೆಯಿತು. ‘45ಎಸ್5’ ಎಂಬ ಕಾವ್ಯಗುಣವಿಲ್ಲದ ಹೆಸರಿನ ಗಾಜು ಕುಲುಮೆಯಿಂದ ಹೊರಬಂದಿತು. ಮುಂದೆ ಅದಕ್ಕೆ ‘ಬಯೋಗ್ಲಾಸ್’ ಎಂಬ ನಾಮಕರಣವಾಯಿತು.

ಗಾಜಿನ ಚಿಕ್ಕ ಚಿಕ್ಕ ತುಣುಕುಗಳನ್ನು ಟೆಡ್ ಗ್ರೀನ್ಲೀ ಎಂಬ ಎಲುಬಿನ ಶಸ್ತ್ರವೈದ್ಯ ಇಲಿಗಳ ತೊಡೆಯೆಲುಬಿನಲ್ಲಿ ಇರಿಸಿದ. ಹೋಲಿಕೆಗೆಂದು ಬೇರೆ ಇಲಿಗಳಲ್ಲಿ ಬೇರೆ ವಸ್ತುಗಳನ್ನು ಇಟ್ಟ. ಆರು ವಾರ ಕಳೆದ ಮೇಲೆ ನೋಡಿದರೆ, ಬೇರೆ ವಸ್ತುಗಳು ಸಲೀಸಾಗಿ ಜಾರಿ ಹೊರಬಂದುವು. ಗಾಜು ಬರಲಿಲ್ಲ. ಒತ್ತಿದರೂ ತಳ್ಳಿದರೂ ಹೊಡೆದರೂ ಅದು ಕದಲಲಿಲ್ಲ. ಎಲುಬು ಅದನ್ನು ತನ್ನದೆಂದು ಅಪ್ಪಿಕೊಂಡಿತ್ತು. ಇದು ನಡೆದದ್ದು 1969ರಲ್ಲಿ. ಜಗತ್ತಿಗೆ ತಿಳಿದದ್ದು 1971ರಲ್ಲಿ ಪ್ರಕಟವಾದ ಪ್ರಬಂಧದಿಂದ. ಮನುಷ್ಯ ಮಾಡಿದ ವಸ್ತುವೊಂದು ಜೀವಂತ ಎಲುಬಿನೊಡನೆ ಹೀಗೆ ರಾಸಾಯನಿಕವಾಗಿ ಬೆಸೆದುಕೊಂಡುದು ಅದೇ ಮೊದಲು ಎನ್ನುತ್ತಾರೆ. ಸ್ವೀಡನ್ನಿನ ಬ್ರೋನೆಮಾರ್ಕ್ ಅಷ್ಟರಲ್ಲಾಗಲೆ ಟೈಟಾನಿಯಂ ತಿರುಪಿನ ಸುತ್ತ ಎಲುಬು ಬಿಗಿಯಾಗಿ ಬೆಳೆಯುವುದನ್ನು ಕಂಡು, 1965ರಲ್ಲಿ ರೋಗಿಯೊಬ್ಬನ ದವಡೆಗೆ ಅದನ್ನು ಕೂರಿಸಿದ್ದ. ಅಲ್ಲಿ ಎಲುಬು ಲೋಹವನ್ನು ಸಹಿಸಿಕೊಂಡಿತ್ತು, ಇಲ್ಲಿ ಕೂಡಿಕೊಂಡಿತ್ತು.

ಇನ್ನು ಈ ಕಥೆಯಲ್ಲಿನ ದೊಡ್ಡ ವಿಪರ್ಯಾಸಕ್ಕೆ ಬರುತ್ತೇನೆ. ಎಷ್ಟೆಂದರೂ ಗಾಜು ಗಾಜೇ. ಎಲುಬಿಗೆ ಅಂಟಿಕೊಂಡೀತು, ಮೈಭಾರ ಹೊರಲಾರದು. ಆಳಿನ ತೂಕ ಬಿದ್ದರೆ ಒಡೆದುಹೋಗುತ್ತದೆ. ಯಾರ ಕಾಲುಗಳನ್ನು ನೆನೆದು ಕರ್ನಲ್ ಆ ಪ್ರಶ್ನೆ ಕೇಳಿದನೊ ಅವರಿಗೆ ಈ ಗಾಜು ಒದಗಲಿಲ್ಲ. ಯುದ್ಧ 1975ರಲ್ಲಿ ಮುಗಿಯಿತು. ಬಯೋಗ್ಲಾಸಿನ ಮೊದಲ ಸಾಧನಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1985ರಲ್ಲಿ. ಅದೂ ಕಾಲಿಗಲ್ಲ, ಕಿವಿಗೆ! ಕಿವಿಯ ನಡುಭಾಗದಲ್ಲಿರುವ, ಅಕ್ಕಿಕಾಳಿನ ಗಾತ್ರದ ಎಲುಬುಗಳು ನಷ್ಟವಾದವರಿಗೆ ಅದು ಮತ್ತೆ ಶಬ್ದವನ್ನು ಕೊಟ್ಟಿತು. ಕೇಳದವರಿಗೆ ಕೇಳುವಂತಾದುದು ಸಣ್ಣ ಉಪಕಾರವಲ್ಲ ನಿಜ. ಆದರೆ ಮುರಿದ ತೊಡೆಯೆಲುಬಿಗೆ ಇಂದಿಗೂ ಆಸರೆಯಾಗಿರುವುದು ಲೋಹದ ಸರಳೆ.

ಕಿವಿಯಿಂದ ಬಾಯಿಗೆ ಹೆಚ್ಚು ದೂರವಿಲ್ಲ. 1988ರಲ್ಲಿ ಇದೇ ಗಾಜಿನ ಸಣ್ಣ ಶಂಕುಗಳನ್ನು, ಹಲ್ಲು ಕಿತ್ತ ಕುಳಿಗಳಲ್ಲಿಟ್ಟು ದವಡೆಯೆಲುಬು ಕುಗ್ಗದಂತೆ ತಡೆಯತೊಡಗಿದರು. 1993ರಲ್ಲಿ ಅದರ ಹರಳುಗಳು ‘ಪೆರಿಯೊಗ್ಲಾಸ್’ ಎಂಬ ಹೆಸರಿನಿಂದ ಬಂದು, ವಸಡಿನ ರೋಗದಿಂದ ಎಲುಬು ಸವೆದ ಜಾಗವನ್ನು ತುಂಬಿದುವು. ಅನಂತರದ ಹೆಜ್ಜೆ ಇಟ್ಟವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ದಂತವೈದ್ಯರಾದ ಲಿಟ್ಕೋವ್‌ಸ್ಕಿ ಮತ್ತು ಹ್ಯಾಕ್, ಅವರೊಡನೆ ಫ್ಲಾರಿಡಾದ ಗ್ರೀನ್‌ಸ್ಪ್ಯಾನ್. ಎಲುಬಿನಲ್ಲಿ ಅಪಟೈಟ್ ಬೆಳೆಸುವ ಗಾಜು, ಬಾಯ್ದೆರೆದ ಡೆಂಟಿನ್ ನಾಳಗಳ ಮೇಲೂ ಬೆಳೆಸಬಾರದೇಕೆ ಎಂದು 1990ರ ದಶಕದಲ್ಲಿ ಅವರು ಕೇಳಿದರು. ಗಾಜನ್ನು ಹಿಟ್ಟಿನಂತೆ ನುಣ್ಣಗೆ ಅರೆದರು. ಆ ಹಿಟ್ಟು ‘ನೋವಮಿನ್’ ಎಂಬ ಹೆಸರು ಪಡೆಯಿತು. 2009ರಲ್ಲಿ ಗ್ಲ್ಯಾಕ್ಸೊ ಸ್ಮಿತ್‌ಕ್ಲೈನ್ ಕಂಪನಿ ಅದನ್ನು ಸುಮಾರು 13.5 ಕೋಟಿ ಡಾಲರಿಗೆ ಕೊಂಡಿತು. 2011ರಿಂದ ಸೆನ್ಸೊಡೈನ್ ಪೇಸ್ಟಿನ ಒಂದು ಬಗೆಯಲ್ಲಿ ಅದು ಅಂಗಡಿಗಳಿಗೆ ಬಂದಿತು.

ಬಾಯೊಳಗೆ ಅದು ಮಾಡುವ ಕೆಲಸ ಇಷ್ಟು. ಎಂಜಲು ತಗುಲಿದೊಡನೆ ಗಾಜಿನ ಕಣದಿಂದ ಸೋಡಿಯಂ ಹೊರಬೀಳುತ್ತದೆ. ಸುತ್ತಲಿನ ಹುಳಿ ಕಡಮೆಯಾಗುತ್ತದೆ. ಬಳಿಕ ಕ್ಯಾಲ್ಸಿಯಮ್ಮೂ ರಂಜಕವೂ ಬಿಡುಗಡೆಯಾಗಿ, ಡೆಂಟಿನ್ನಿನ ಮೇಲೆಯೂ ನಾಳಗಳ ಬಾಯಲ್ಲಿಯೂ ಕುಳಿತು, ಮೆಲ್ಲಮೆಲ್ಲನೆ ಹಲ್ಲಿನ ಖನಿಜವನ್ನು ಹೋಲುವ ಹರಳಾಗುತ್ತವೆ. ಗಾಜು ತಾನು ಕರಗಿ ಹಲ್ಲಿನ ಖನಿಜಕ್ಕೆ ಎಡೆಮಾಡಿಕೊಡುತ್ತದೆ. ನಾಳದ ಬಾಯಿ ಮುಚ್ಚಿದರೆ ದ್ರವ ಚಲಿಸದು. ದ್ರವ ಚಲಿಸದಿದ್ದರೆ ನರ ಕೆರಳದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ರಾಬರ್ಟ್ ಹಿಲ್ ಮತ್ತು ಅವರ ಸಂಗಡಿಗರು ಗಾಜಿನೊಳಗೇ ಫ್ಲೋರೈಡನ್ನು ಸೇರಿಸಿ ‘ಬಯೋಮಿನ್’ ಎಂಬ ಮತ್ತೊಂದು ಬಗೆಯನ್ನು ಮಾಡಿದ್ದಾರೆ. ಹಾಗೆ ಬೆಳೆದ ಹರಳು ಹುಳಿಗೆ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ದೇಹದೊಡನೆ ಮಾತನಾಡುವ ವಸ್ತುಗಳಲ್ಲಿ ಗಾಜು ಒಂದೇ ಅಲ್ಲ. 1920ರಲ್ಲಿ ಜರ್ಮನಿಯ ಹರ್ಮನ್ ಎಂಬ ವೈದ್ಯ ನೀರಿನಲ್ಲಿ ಅರಳಿದ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಹಲ್ಲಿನ ಚಿಕಿತ್ಸೆಗೆ ತಂದ. ತೆರೆದುಕೊಂಡ ತಿರುಳಿನ ಮೇಲೆ ಅದನ್ನಿಟ್ಟರೆ ಹಲ್ಲು ತಾನೆ ಒಳಗಿನಿಂದ ಡೆಂಟಿನ್ನಿನ ಸೇತುವೆ ಕಟ್ಟಿಕೊಳ್ಳುತ್ತದೆ. 1993ರಲ್ಲಿ ಕ್ಯಾಲಿಫೋರ್ನಿಯದ ಲೋಮ ಲಿಂಡ ವಿಶ್ವವಿದ್ಯಾಲಯದ ಟೊರಾಬಿನೆಜಾದ್ ತಂದ ‘ಎಂ.ಟಿ.ಎ.’ ಎಂಬ ವಸ್ತುವಿನ ಮುಖ್ಯಭಾಗವಂತೂ ನಾವು ಮನೆ ಕಟ್ಟುವ ಪೋರ್ಟ್‌ಲೆಂಡ್ ಸಿಮೆಂಟು! 1824ರಲ್ಲಿ ಲೀಡ್ಸಿನ ಗಾರೆಯಾಳು ಜೋಸೆಫ್ ಆಸ್ಪ್‌ಡಿನ್ ಹಕ್ಕುಪತ್ರ ಪಡೆದ ಸಿಮೆಂಟಿನ ಸಂತತಿ, ಶುದ್ಧಿಗೊಂಡು ಇಂದು ಹಲ್ಲಿನ ಬೇರನ್ನು ಮುಚ್ಚುತ್ತಿದೆ. ಅದೂ ಸುಣ್ಣವನ್ನು ಬಿಟ್ಟುಕೊಟ್ಟು ತನ್ನ ಮೈಮೇಲೆ ಅಪಟೈಟನ್ನು ಬೆಳೆಸುವುದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಅಪಚಾರವಾದೀತು. ‘ದುರಸ್ತಿ’ ಎಂಬ ಪದವನ್ನು ಜಾಹೀರಾತಿನಲ್ಲಿ ಕಂಡವರು, ಹುಳುಕು ಬಿದ್ದು ಹಳ್ಳವಾದ ಹಲ್ಲು ಪೇಸ್ಟಿನಿಂದ ಮತ್ತೆ ಬೆಳೆಯುತ್ತದೆಂದು ಭ್ರಮಿಸಬಾರದು. ಕಳೆದುಹೋದ ಎನಾಮೆಲನ್ನು ಅದು ಕಟ್ಟಿಕೊಡಲಾರದು. ಮೇಲುಮೇಲಿನ ಸವಕಳಿಯನ್ನು ಮುಚ್ಚಬಲ್ಲದು, ನಾಳಗಳ ಬಾಯಿಗೆ ಬಿರಡೆ ಹಾಕಬಲ್ಲದು. ಆ ಬಿರಡೆಯೂ ಶಾಶ್ವತವಲ್ಲ. ದಿನವೂ ಸವೆಯುತ್ತದೆ, ದಿನವೂ ಹಾಕಬೇಕು. ಎಲ್ಲರಿಗೂ ಒಂದೇ ಸಮನಾಗಿ ಗುಣ ಕಾಣುವುದೂ ಇಲ್ಲ. ಹಲ್ಲು ನೋಯಿಸುವುದು ಒಳಗೆ ಕೀವು ತುಂಬಿದ್ದಕ್ಕಾಗಿಯೂ ಇರಬಹುದು. ಅಂಥವರು ಪೇಸ್ಟನ್ನು ನೆಚ್ಚಿ ಕುಳಿತರೆ ಹಲ್ಲನ್ನೆ ಕಳೆದುಕೊಂಡಾರು. ವೈದ್ಯರಿಗೆ ತೋರಿಸುವುದೆ ಮೇಲು.

ಹೆಂಚ್ ಮುಂದೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ. ಮಕ್ಕಳಿಗಾಗಿ, ದುರಸ್ತಿಗೊಂಡ ದೇಹದ ಬೆಕ್ಕೊಂದರ ಕಥೆಗಳನ್ನೂ ಬರೆದ ಎಂಬುದನ್ನು ಓದಿದಾಗ ನಮ್ಮ ಸಾಹಿತ್ಯದ ಕುಲಕ್ಕೆ ಅವನೂ ಸೇರಿದವನೆಂದು ನನಗೆ ಸಂತೋಷವಾಯಿತು. 2015ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಅವನನ್ನು ಪ್ರಶ್ನೆ ಕೇಳಿದ ಕರ್ನಲನ ವಿಷಯವನ್ನು ಚರಿತ್ರೆ ಆ ಬಸ್ಸಿನ ಪ್ರಯಾಣದಾಚೆಗೆ ಹೆಚ್ಚಾಗಿ ಹೇಳುವುದಿಲ್ಲ. ಉತ್ತರ ಕಂಡವನ ಹೆಸರು ಉಳಿಯುತ್ತದೆ. ಪ್ರಶ್ನೆ ಕೇಳಿದವನು ಅಡಿಟಿಪ್ಪಣಿಯಾಗುತ್ತಾನೆ. ಆದರೆ ಗಾಜಿನ ವಿದ್ಯೆಯಷ್ಟೇ ಇದ್ದು, ಕಾಲು ಕಳೆದುಕೊಂಡ ಹುಡುಗರನ್ನು ಕಣ್ಣಾರೆ ಕಂಡವನೊಬ್ಬ ಪಕ್ಕದಲ್ಲಿ ಕೂರದಿದ್ದರೆ, ಗಾಜನ್ನು ಕರಗಿಸಬೇಕೆಂಬ ಯೋಚನೆ ಯಾರಿಗೆ ಹೊಳೆಯುತ್ತಿತ್ತು?

ನನ್ನ ಹಲ್ಲಿನ ಸಮಾಚಾರವನ್ನೂ ಹೇಳಿಬಿಡುತ್ತೇನೆ. ಮೂರು ನಾಲ್ಕು ವಾರಗಳಲ್ಲಿ ತಣ್ಣೀರು ಕುಡಿಯುವಂತಾದೆ. ರಸಾಯನಶಾಸ್ತ್ರದ ಗೆಳೆಯರು ಕಂಡಾಗಲೆಲ್ಲ, “ಗಾಜು ಹೇಗಿದೆ ಮೇಷ್ಟ್ರೆ?” ಎಂದು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಬೆಳಗ್ಗೆ ಬ್ರಷ್ಷಿನ ಮೇಲೆ ಆ ಬಿಳಿಯ ಪೇಸ್ಟನ್ನು ಹಾಕಿಕೊಳ್ಳುವಾಗ, ಅದು ನನ್ನ ಹಲ್ಲಿಗೆಂದು ಹೊರಟದ್ದಲ್ಲ, ದೂರದ ಗದ್ದೆ ಕಾಡುಗಳಲ್ಲಿ ಕಾಲು ಮುರಿದು ಬಿದ್ದಿದ್ದ ಯಾರಿಗೊ ಹೊರಟದ್ದು, ಅವರನ್ನು ಮುಟ್ಟದೆ ನನ್ನವರೆಗೆ ಬಂದಿದೆ ಎಂಬ ನೆನಪು ಒಮ್ಮೊಮ್ಮೆ ಆಗುತ್ತದೆ. ಆಗ ಕೈ ಒಂದು ಕ್ಷಣ ತಡೆಯುತ್ತದೆ.